ಕೊಟೇಶನ್ ಇಲ್ಲದ ಯಂತ್ರ

ಕೇಳುಗರಿಗೆ ನಮಸ್ಕಾರ.

1993ರ ಮಾತು. ಆಗ ನಾನು ತುಮಕೂರು ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತಿದ್ದೆ. ಒಂದು ದಿನ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಬಂದರು. ಕೈಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಯಂತ್ರದ ಚಿತ್ರ. ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರ.

ನಮ್ಮ ಕಡೆ ಬೇಸಿಗೆ ಬಂತೆಂದರೆ ಹೆಂಗಸರು ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟುತ್ತಾರೆ. ದಿನವಿಡೀ ಕುಟ್ಟಿದರೆ ಅಂಗೈ ಬೊಬ್ಬೆ ಬರುತ್ತದೆ. ಆ ಕೆಲಸ ಮಾಡಿ ಗೊತ್ತಿದ್ದವರು ಅವರು. ಊರಿನ ವೆಲ್ಡಿಂಗ್ ಅಂಗಡಿಯವನ ಜೊತೆ ನಿಂತು ಒಂದು ಸಣ್ಣ ಮಾದರಿಯನ್ನೂ ಮಾಡಿಸಿದ್ದರು. ಅದು ಓಡುತ್ತಿತ್ತು. ಇನ್ನೂ ದೊಡ್ಡದು ಮಾಡಿ ಮಾರಬೇಕು, 40,000 ರೂಪಾಯಿ ಸಾಲ ಬೇಕು ಅಂದರು.

ನಾನು ಕೇಳಿದ ಮೊದಲ ಪ್ರಶ್ನೆ, "ಯಂತ್ರದ ಕೊಟೇಶನ್ ಎಲ್ಲಿ?" ನಮ್ಮ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇತ್ತು. ಯಂತ್ರ ಮಾರುವ ಕಂಪನಿಯ ದರಪಟ್ಟಿ ಲಗತ್ತಿಸಬೇಕಿತ್ತು. ಅವರು ಅಂದರು, "ಮೇಡಂ, ಇದನ್ನು ಮಾಡಿ ಮಾರೋರು ಯಾರಾದರೂ ಇದ್ದಿದ್ದರೆ ನಾನು ಯಾಕೆ ಮಾಡೋಕೆ ಹೊರಡ್ತಿದ್ದೆ?"

ಎರಡನೆಯದು ಜಾಮೀನು. ಪಹಣಿ ಮಾವನ ಹೆಸರಲ್ಲಿತ್ತು, ಮನೆಯೂ ಅವರದೇ. ಕೈಬಳೆ ಮಾದರಿ ಮಾಡಿಸುವಾಗಲೇ ಗಿರವಿ ಅಂಗಡಿ ಸೇರಿತ್ತು. ಮೂರನೆಯದು ಗಂಡನ ಸಹಿ. ಅದು ಬೇಕೇಬೇಕು ಅಂತ ಯಾವ ನಿಯಮದಲ್ಲೂ ಇರಲಿಲ್ಲ. ನಾವು ಸುಮ್ನೆ ಕೇಳುತ್ತಿದ್ದೆವು, ಅಭ್ಯಾಸವಾಗಿತ್ತು. ಗಂಡ ಒಪ್ಪಲಿಲ್ಲ. ಅರ್ಜಿ ತಿರಸ್ಕಾರವಾಯಿತು. ಅದರ ಮೇಲಿನ ಸಹಿ ನನ್ನದು.

ಹೊಸದೇನನ್ನಾದರೂ ಮಾಡಲು ಹೊರಟ ಹೆಣ್ಣುಮಗಳ ಎದುರಿಗೆ ದೇಶದ ಕಾನೂನು, ಬ್ಯಾಂಕು, ಕಚೇರಿ ಇವೆಲ್ಲ ಹೇಗೆ ನಿಲ್ಲುತ್ತವೆ ಅಂತ ಆವತ್ತಿನಿಂದ ಯೋಚಿಸುತ್ತಲೇ ಇದ್ದೇನೆ.

ಕಿರಣ್ ಮಜುಂದಾರ್ ಷಾ ಅವರ ಕಥೆ ನಿಮಗೆಲ್ಲ ಗೊತ್ತು. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದವರು. ಹೆಂಗಸು ಅನ್ನುವ ಕಾರಣಕ್ಕೆ ಇಲ್ಲಿ ಯಾರೂ ಆ ಕೆಲಸ ಕೊಡಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಇಟ್ಟುಕೊಂಡು, ಐರ್ಲೆಂಡಿನ ಒಂದು ಕಂಪನಿಯ ಜೊತೆ ಸೇರಿ ಬಯೋಕಾನ್ ಶುರು ಮಾಡಿದರು. ಪರಂಗಿಕಾಯಿಯ ಹಾಲಿನಿಂದ ಕಿಣ್ವ ತೆಗೆಯುವ ಕೆಲಸ. ಆಗ ಅವರಿಗೆ 25 ವರ್ಷ. ವಿದೇಶಿ ಕಂಪನಿ ಇಲ್ಲಿ ದೊಡ್ಡ ಪಾಲು ಹಿಡಿಯದಂತೆ ಆಗಿನ ಕಾನೂನು ತಡೆಯುತ್ತಿತ್ತು. ಹಾಗಾಗಿ ಕಂಪನಿಯ ಹೆಚ್ಚಿನ ಪಾಲು ಅವರ ಕೈಯಲ್ಲೇ ಉಳಿಯಿತು. ಆ ಕಾನೂನು ಮಾಡಿದವರ ತಲೆಯಲ್ಲಿ ಹೆಂಗಸರ ಉದ್ಯಮದ ಯೋಚನೆ ಇದ್ದಿರಲಿಕ್ಕಿಲ್ಲ. ಆದರೂ ಅದು ಒಬ್ಬ ಹೆಣ್ಣುಮಗಳನ್ನು ಕಾಯ್ದಿತು.

ಬ್ಯಾಂಕುಗಳು ಮಾತ್ರ ಹಿಂದೆ ಸರಿದವು. ಕೆಲಸ ಹೊಸದು, ವಯಸ್ಸು ಸಣ್ಣದು, ಅಡವಿಡಲು ಆಸ್ತಿ ಇಲ್ಲ. ಕೊನೆಗೆ ಒಂದು ಸಮಾರಂಭದಲ್ಲಿ ಅಕಸ್ಮಾತ್ ಸಿಕ್ಕ ಬ್ಯಾಂಕ್ ಅಧಿಕಾರಿಯೊಬ್ಬರು ನೆರವಾದರು. ನನಗೆ ಕಾಡುವುದು ಈ ಭಾಗವೇ. ತುಮಕೂರಿನ ಆ ಹೆಣ್ಣುಮಗಳನ್ನು ಬ್ಯಾಂಕ್ ಅಧಿಕಾರಿಗಳು ಬರುವ ಸಮಾರಂಭಕ್ಕೆ ಯಾರು ಕರೆಯುತ್ತಾರೆ?

1987ರ ಘಟನೆ ಬೇರೆ ಥರದ್ದು. ಐಸಿಐಸಿಐ ಆಗ ಉದ್ಯಮಗಳಿಗೆ ಬಂಡವಾಳ ಕೊಡಲೆಂದೇ ಇದ್ದ ಸಂಸ್ಥೆ. ಅದರ ಮುಖ್ಯಸ್ಥರಾಗಿದ್ದ ಎನ್. ವಘುಲ್ ಅವರ ಬೆಂಬಲದಿಂದ ಬಯೋಕಾನ್‌ಗೆ 2,50,000 ಡಾಲರ್ ಸಾಹಸ ಬಂಡವಾಳ, ಅಂದರೆ ಸೋಲಬಹುದು ಅಂತ ಗೊತ್ತಿದ್ದೂ ಹೊಸ ಉದ್ಯಮದಲ್ಲಿ ಹೂಡುವ ಹಣ, ಬಂತು. ಸಂಶೋಧನೆ ಬೆಳೆಯಿತು, ಹೊಸ ಘಟಕ ಎದ್ದಿತು. ಇಲ್ಲಿ ಸಂಸ್ಥೆಯೊಂದು ತನ್ನ ಕೆಲಸ ಮಾಡಿತ್ತು. ಆದರೆ ಅಲ್ಲಿವರೆಗೆ ಒಂಬತ್ತು ವರ್ಷ ಕಳೆದಿತ್ತು.

ಇನ್ನು ಪಹಣಿಯ ವಿಷಯ. ಉದ್ಯಮಕ್ಕೂ ಪಹಣಿಗೂ ಏನು ಸಂಬಂಧ ಅನ್ನಬೇಡಿ. ಬ್ಯಾಂಕಿನ ಮೇಜಿನ ಆಚೆ ಕೂತವಳಾಗಿ ಹೇಳುತ್ತೇನೆ, ಅರ್ಧ ಅರ್ಜಿಗಳ ಹಣೆಬರಹ ಅಲ್ಲೇ ತೀರ್ಮಾನವಾಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಅನ್ನುವ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈನಲ್ಲಿ ಜಾರಿಗೆ ಬಂತು. ಆದರೆ ಅದಕ್ಕೆ ಮುಂಚೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ನನ್ನೆದುರು ಹಾಳೆ ಹಿಡಿದು ನಿಂತವರು ಮದುವೆಯಾದವರು. ಅವರಂಥವರಿಗೆ ಬಾಗಿಲು ತೆರೆದದ್ದು 2005ರಲ್ಲಿ, ಕೇಂದ್ರದ ಕಾನೂನು ಬದಲಾದಾಗ. ಆ ಹಕ್ಕು ಸಿಗಲು 2005ರಲ್ಲಿ ಕಾನೂನು ಬದಲಾದಾಗ ತಂದೆ ಬದುಕಿರಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಇಷ್ಟಾದರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅರಿಶಿನ ಕುಂಕುಮಕ್ಕೆ ಒಂದಿಷ್ಟು ತಗೊಂಡು ತವರಿನಿಂದ ಹಿಂದಿರುಗುವವರೇ ಜಾಸ್ತಿ. ಅಣ್ಣ ತಮ್ಮಂದಿರ ಮನೆಯ ಬಾಗಿಲು ಮುಚ್ಚೀತು ಅನ್ನುವ ಭಯ ಅವರಿಗೆ. ಆ ಭಯವನ್ನು ನಾನು ಸಣ್ಣದು ಅನ್ನುವುದಿಲ್ಲ.

ಜಮೀನಿಲ್ಲದವರಿಗೂ ಈಗ ದಾರಿಗಳಿವೆ. ಸಣ್ಣ ಉದ್ಯಮದ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಟ್ರಸ್ಟ್ 2000ದಲ್ಲಿ ಬಂತು. 2010ರಲ್ಲಿ ರಿಸರ್ವ್ ಬ್ಯಾಂಕು, ಅತಿಸಣ್ಣ ಮತ್ತು ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಕೇಳಬಾರದು ಅಂದಿತು. 2016ರಿಂದ 2025ರವರೆಗೆ ಇದ್ದ ಕೇಂದ್ರದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ, ಪ್ರತಿ ಶಾಖೆಯೂ ಕನಿಷ್ಠ ಒಬ್ಬ ಮಹಿಳೆಗೆ ಹೊಸ ಉದ್ಯಮಕ್ಕಾಗಿ 10 ಲಕ್ಷದಿಂದ 1 ಕೋಟಿಯವರೆಗೆ ಸಾಲ ಕೊಡಬೇಕು ಅಂತ ಹೇಳಿತು.

ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು. ಜೈವಿಕ ತಂತ್ರಜ್ಞಾನದ ಹೊಸ ಯೋಚನೆಗಳಿಗಾಗಿ ಕೇಂದ್ರ ಸರ್ಕಾರ 2012ರಲ್ಲಿ ಬೈರಾಕ್ ಅನ್ನುವ ಸಂಸ್ಥೆ ಕಟ್ಟಿತು. ಅದರ ಬಿಗ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಕೊಡುತ್ತಾರೆ. ಸಾಲವಲ್ಲ, ಅನುದಾನ. ಇನ್ನೂ ಸಾಬೀತಾಗದ ಯೋಚನೆಯನ್ನು ಪರೀಕ್ಷಿಸಿ ನೋಡಲು. ಹೊಸದು ಸೋಲಬಹುದು ಅಂತ ಒಪ್ಪಿಕೊಂಡು ಕೊಡುವ ಹಣ ಅದು. ಹೊಸದನ್ನು ಮಾಡುವವರಿಗೆ ಬೇಕಿರುವುದು ಅದೇ ಅಲ್ವಾ? ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟುವ ಯಂತ್ರಕ್ಕೂ ಅಂಥ ಹಣ ಅಷ್ಟೇ ಸಲೀಸಾಗಿ ಸಿಗಬೇಕು ಅನ್ನುವುದು ನನ್ನ ಆಸೆ.

ಮೊದಲ ಗಿರಾಕಿಯೂ ಮುಖ್ಯ. ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ಯಮಗಳು ತಮ್ಮ ಖರೀದಿಯಲ್ಲಿ ಶೇ. 3ರಷ್ಟನ್ನು ಮಹಿಳೆಯರ ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕು ಅನ್ನುವ ಆದೇಶ 2018ರಲ್ಲಿ ಬಂದಿದೆ.

ಕೇಳುತ್ತಿರುವ ಅಕ್ಕ ತಂಗಿಯರೇ, ನಿಮ್ಮಲ್ಲಿ ಯಾರಾದರೂ ನಾಳೆ ಅರ್ಜಿ ಹಿಡಿದು ಶಾಖೆಗೆ ಹೋಗುವವರಿದ್ದರೆ ಒಂದು ಮಾತು. ಅರ್ಜಿ ಕೊಟ್ಟದ್ದಕ್ಕೆ ರಸೀದಿ ಕೇಳಿ. ಆಗುವುದಿಲ್ಲ ಅಂದರೆ ಕಾರಣವನ್ನು ಬರೆದು ಕೊಡಿ ಅನ್ನಿ. ಬ್ಯಾಂಕು ಹಾಗೆ ಬರೆದು ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ.

1993ರಲ್ಲಿ ನಾನು ಅವರಿಗೆ ಬಾಯಲ್ಲಿ ಹೇಳಿ ಕಳಿಸಿದ್ದೆ. ಬರೆಯಲು ಕೂತಿದ್ದರೆ ನನ್ನ ಪೆನ್ನು ಬರೆಯಬೇಕಾಗಿದ್ದದ್ದು ಇಷ್ಟು: "ಈ ಯಂತ್ರವನ್ನು ಇದುವರೆಗೆ ಯಾರೂ ಮಾಡಿಲ್ಲವಾದ್ದರಿಂದ ಸಾಲ ಕೊಡಲಾಗುವುದಿಲ್ಲ."

ನಮಸ್ಕಾರ.