ಬೋರ್ಡೋ ಅಂದರೆ ಬರೀ ಕೊಳೆ ಔಷಧಿ ಅಲ್ಲ

ನಮಸ್ಕಾರ. ಮಲೆನಾಡಿನವರಿಗೆ ಬೋರ್ಡೋ ಅಂದ ಕೂಡಲೇ ನೆನಪಾಗೋದು ವೈನ್ ಅಲ್ಲ, ಅಡಿಕೆ ತೋಟ. ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಮದ್ದಿನ ಹೆಸರೇ ಬೋರ್ಡೋ. ಮಳೆ ಹಿಡಿಯೋ ಹೊತ್ತಿಗೆ ಒಂದು ಡ್ರಮ್ಮಿನಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ ಸುಣ್ಣ. 100 ಲೀಟರ್ ನೀರಿಗೆ ಒಂದೊಂದು ಕೆಜಿ. ಎರಡೂ ಸೇರಿದಾಗ ತಿಳಿನೀಲಿ ಬಣ್ಣ ಬರುತ್ತೆ. ಆಮೇಲೆ ಕತ್ತಿಯ ತುದಿ ಅದ್ದಿ ನೋಡಬೇಕು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಬೇಕು. ಚಿಕ್ಕವನಿದ್ದಾಗ ಆ ಕತ್ತಿ ಹಿಡಿದು ನಿಲ್ಲೋ ಕೆಲಸ ನನ್ನದು. ಬೋರ್ಡೋ ಅನ್ನೋದು ಒಂದು ಊರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಫ್ರಾನ್ಸಿನ ನೈಋತ್ಯ ಮೂಲೆಯ ಊರು ಅದು. 1882ರಲ್ಲಿ ಅಲ್ಲಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲ್ಲಾರ್ದೆ ದ್ರಾಕ್ಷಿ ತೋಟಗಳ ನಡುವೆ ಹೋಗ್ತಿದ್ದರು. ಬೂಜುರೋಗ ಬಂದು ಎಲ್ಲ ಕಡೆ ಎಲೆ ಉದುರಿತ್ತು, ರಸ್ತೆ ಪಕ್ಕದ ಸಾಲುಗಳು ಮಾತ್ರ ಹಸಿರಾಗಿದ್ದವು. ದಾರಿಹೋಕರು ಹಣ್ಣು ಕೀಳದಿರಲಿ ಅಂತ ಬೆಳೆಗಾರರು ಆ ಸಾಲಿಗೆ ಮೈಲುತುತ್ತು, ಸುಣ್ಣ ಎರಚಿದ್ದರು. ಮಿಲ್ಲಾರ್ದೆ ಅದನ್ನೇ ಹಿಡಿದು ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅದೇ ಮದ್ದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದರು.

ಅಂದರೆ ಆ ಊರೂ ನಮ್ಮ ಹಾಗೆ ಮಳೆಗೆ, ಕೊಳೆಗೆ ಹೆದರೋ ಬೆಳೆಗಾರರ ಊರು. ಅದು ಮನಸ್ಸಿನಲ್ಲಿದ್ದರೆ ಅಲ್ಲಿನ ಕೆಂಪು ವೈನ್ ಅರ್ಥವಾಗುತ್ತೆ. ‘ನಾಲ್ಕೈದು ದ್ರಾಕ್ಷಿ ಬೆರೆಸ್ತಾರಂತೆ, ಹಾಗಾದರೆ ಕಲಬೆರಕೆ ತಾನೆ?’ ಅಂತ ಕೇಳ್ತಾರೆ. ಆ ಮಾತು ಕೇಳಿದಾಗ ನನಗೆ ನಿಜವಾಗಿ ಬೇಸರ ಆಗುತ್ತೆ. ನಮ್ಮ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸ್ತೀವಿ, ನಡುವೆ ಬಾಳೆ, ಏಲಕ್ಕಿ ಹಾಕ್ತೀವಿ. ಅಡಿಕೆಗೆ ಕೊಳೆ ಬಿದ್ದ ವರ್ಷ ಬಾಳೆಯೋ ಏಲಕ್ಕಿಯೋ ಕೈಹಿಡಿಯುತ್ತೆ. ಅದನ್ನು ಯಾರಾದರೂ ಕಲಬೆರಕೆ ತೋಟ ಅಂತಾರಾ?

ಬೋರ್ಡೋದಲ್ಲಿ ಗಾರೋನ್, ದೊರ್ದೋನ್ ಅಂತ ಎರಡು ಹೊಳೆ ಕೂಡಿ ಜಿರೋಂದ್ ಅನ್ನೋ ಅಳಿವೆ ಆಗುತ್ತೆ, ಅಲ್ಲಿಂದ ಅಟ್ಲಾಂಟಿಕ್. ಎಡದಂಡೆಯ ಮೆಡೊಕ್‌ನಲ್ಲಿ ಗರಸು ನೆಲ. ನೀರು ನಿಲ್ಲಲ್ಲ, ಹಗಲು ಕಾದ ಕಲ್ಲು ಸಂಜೆಯವರೆಗೂ ಬೆಚ್ಚಗಿರುತ್ತೆ. ಅಲ್ಲಿ ತಡವಾಗಿ ಮಾಗೋ ಕ್ಯಾಬರ್ನೆ ಸೋವಿನ್ಯೋ ಅನ್ನೋ ದ್ರಾಕ್ಷಿ. ಬಲದಂಡೆಯ ಪೊಮೆರೋಲ್, ಸಾಂತ್ ಎಮಿಲಿಯೋ ಕಡೆ ಜೇಡಿ, ಸುಣ್ಣಕಲ್ಲು, ತಂಪು ಮಣ್ಣು. ಅಲ್ಲಿ ಬೇಗ ಮಾಗೋ ಮೆರ್ಲೋ. ಇಡೀ ಪ್ರದೇಶದ ಕೆಂಪು ದ್ರಾಕ್ಷಿಯಲ್ಲಿ ಮೂರರಲ್ಲಿ ಎರಡು ಪಾಲು ಮೆರ್ಲೋನೇ.

ಮೆರ್ಲೋ ಬೇಗ ಚಿಗುರುತ್ತೆ, ಹಾಗಾಗಿ ಏಪ್ರಿಲ್ ಹಿಮ ಬಿದ್ದರೆ ಮೊದಲು ಸುಡೋದು ಅದೇ. 2017ರಲ್ಲಿ ಹಾಗೇ ಆಯ್ತು. ಕ್ಯಾಬರ್ನೆ ತಡ, ಕೊಯ್ಲಿನ ಹೊತ್ತಿಗೆ ಮಳೆ ಹೊಡೆದರೆ ಅದಕ್ಕೆ ಕಷ್ಟ. ಒಂದು ಸೋತ ವರ್ಷ ಇನ್ನೊಂದು ನಿಲ್ಲಲಿ ಅಂತ ಎರಡನ್ನೂ ಬೆಳೀತಾರೆ. ಜೊತೆಗೆ ಕ್ಯಾಬರ್ನೆ ಫ್ರಾಂಕ್, ಸ್ವಲ್ಪ ಪೆಟಿ ವೆರ್ಡೋ, ಅಪರೂಪಕ್ಕೆ ಮಾಲ್ಬೆಕ್. ಕಾರ್ಮೆನೇರ್ ಅಂತ ಇನ್ನೊಂದಿತ್ತು, ಬೇರುಹೇನಿನ ಕಾಟದ ನಂತರ ಅಲ್ಲಿ ಹೆಚ್ಚುಕಡಿಮೆ ಅಳಿದೇ ಹೋಯ್ತು. 1994ರಲ್ಲಿ ಚಿಲಿ ದೇಶದ ತೋಟಗಳಲ್ಲಿ ಮೆರ್ಲೋ ಅಂದುಕೊಂಡು ಬೆಳೀತಿದ್ದ ಬಳ್ಳಿಗಳ ನಡುವೆ ಸಿಕ್ತು.

ರುಚಿಯ ವಿಷಯ ಅಂದರೆ, ಎಳೆಯ ಕ್ಯಾಬರ್ನೆ ಒಂದನ್ನೇ ಕುಡಿದರೆ ಒಗರು. ಅಡಿಕೆ ಬೇಯಿಸಿದ ಚೊಗರು ನಾಲಿಗೆಗೆ ತಾಗಿದಾಗ ವಸಡು ಹಿಡಿಯುತ್ತಲ್ಲ, ಅಂಥ ಒಗರು. ಆ ಒಗರೇ ವೈನನ್ನು ವರ್ಷಗಟ್ಟಲೆ ಕಾಯೋದು. ಮೆರ್ಲೋ ಮೆತ್ತಗೆ, ಬಾಯಿ ತುಂಬುತ್ತೆ. ನಾನು ಒಂದು ಸಂಜೆ ಎರಡೂ ಬಾಟಲಿ ತೆಗೆದು ಬೇರೆ ಬೇರೆ ಲೋಟಕ್ಕೆ ಹಾಕಿದೆ. ಮೂರನೇ ಲೋಟಕ್ಕೆ ಆರು ಚಮಚ ಕ್ಯಾಬರ್ನೆ, ನಾಲ್ಕು ಚಮಚ ಮೆರ್ಲೋ. ಒಗರು ಹೋಗಲಿಲ್ಲ, ಆದರೆ ಅದರ ಚೂಪು ಹೋಯ್ತು. ಇನ್ನೆರಡು ಚಮಚ ಮೆರ್ಲೋ ಹಾಕಿದೆ, ಸಪ್ಪೆ ಆಯ್ತು. ಎರಡು ಚಮಚಕ್ಕೆ ಅಷ್ಟು ವ್ಯತ್ಯಾಸ! ಅಲ್ಲಿನವರು ಒಂದೊಂದು ತುಂಡು ಜಮೀನಿನ ದ್ರಾಕ್ಷಿಯನ್ನೂ ಬೇರೆ ಬೇರೆಯಾಗಿ ಹುದುಗಿಸಿ, ಚಳಿಗಾಲದಲ್ಲಿ ಮಾದರಿಗಳನ್ನು ಸಾಲಾಗಿ ಇಟ್ಟುಕೊಂಡು, ಅಳೆದು ಬೆರೆಸಿ, ಸವಿದು ಉಗಿದು ಮತ್ತೆ ಅಳೀತಾರೆ. ನನಗೆ ಡ್ರಮ್ಮಿಗೆ ಅದ್ದಿದ ಕತ್ತಿ ನೆನಪಾಗುತ್ತೆ.

ಇಷ್ಟೆಲ್ಲ ಇದ್ದೂ ಜನ ಮಾತಾಡೋದು 1855ರ ಪಟ್ಟಿಯ ಬಗ್ಗೆ. ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅಂತ ದಲ್ಲಾಳಿಗಳು ಮಾರುಕಟ್ಟೆ ಬೆಲೆ ನೋಡಿ ಬೋರ್ಡೋ ವೈನ್ ತೋಟಗಳಿಗೆ ಮಾಡಿದ ಶ್ರೇಣಿ ಅದು. ಕೆಂಪು ವೈನಿನಲ್ಲಿ ಒಂದನ್ನು ಬಿಟ್ಟರೆ ಎಲ್ಲವೂ ಮೆಡೊಕ್‌ನವು. ಬಲದಂಡೆ ಲೆಕ್ಕಕ್ಕೇ ಇಲ್ಲ. ಮೊದಲ ದರ್ಜೆಗೆ ಬಡ್ತಿ ಸಿಕ್ಕಿದ್ದು ಮೂತೊಂ ರೋತ್‌ಶಿಲ್ಡ್ ಅನ್ನೋ ತೋಟ ಒಂದಕ್ಕೆ, ಅದೂ 1973ರಲ್ಲಿ. ಈಗ ಪಟ್ಟಿಯಲ್ಲಿರೋ 61 ತೋಟ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಬೋರ್ಡೋ ಅಂದರೆ ಅಷ್ಟೇ ಅಂದುಕೊಂಡರೆ ಸಾವಿರಾರು ಸಣ್ಣ ಬೆಳೆಗಾರರಿಗೆ ಅನ್ಯಾಯ. ಬೇಡಿಕೆ ಇಳಿದು ಅವರಲ್ಲಿ ಎಷ್ಟೋ ಜನ ಬಳ್ಳಿ ಕೀಳ್ತಿದ್ದಾರೆ. 2023ರಲ್ಲಿ ಕಿತ್ತ ಪ್ರತಿ ಹೆಕ್ಟೇರಿಗೆ 6,000 ಯೂರೊ ಪರಿಹಾರ ಕೊಡೋ ಯೋಜನೆಯೇ ಬಂತು. ತಾತನ ಕಾಲದ ತೋಟ ಕೀಳಿಸೋದು ಏನು ಅಂತ ಅಡಿಕೆ ಬೆಳೆದವರಿಗೆ ನಾನು ವಿವರಿಸಬೇಕಾಗಿಲ್ಲ.

ಉಳಿದವರಿಗೆ ಈಗ ಬಿಸಿಲಿನ ಚಿಂತೆ. ಮೆರ್ಲೋ ತೀರಾ ಬೇಗ ಮಾಗಿ ಸಕ್ಕರೆ ಏರುತ್ತೆ, ಅದರ ಜೊತೆ ಆಲ್ಕೋಹಾಲೂ ಏರುತ್ತೆ. 2021ರಲ್ಲಿ ನಾಲ್ಕು ಹೊಸ ಕೆಂಪು ತಳಿಗಳಿಗೆ ಒಪ್ಪಿಗೆ ಸಿಕ್ಕಿದೆ. ಪೋರ್ಚುಗಲ್ಲಿನ ತೌರಿಗಾ ನಾಸಿಯೊನಾಲ್ ಅದರಲ್ಲೊಂದು. ತೋಟದ ಶೇ. 5ಕ್ಕಿಂತ ಹೆಚ್ಚು ನೆಡೋ ಹಾಗಿಲ್ಲ, ಮಿಶ್ರಣದಲ್ಲಿ ಶೇ. 10 ದಾಟೋ ಹಾಗಿಲ್ಲ. ಸಂಪ್ರದಾಯ ಕೆಟ್ಟಿತು ಅಂತ ಕೆಲವರು ಮುಖ ಸಿಂಡರಿಸ್ತಾರೆ. ನನಗಂತೂ ಇದೇ ಅಲ್ಲಿನ ಸಂಪ್ರದಾಯ ಅನಿಸುತ್ತೆ.

ವೈನ್ ಕುಡಿಯೋ ಅಭ್ಯಾಸ ಇದ್ದವರು ಮುಂದಿನ ಸಲ ಆ ದೊಡ್ಡ ಹೆಸರುಗಳನ್ನು ಬಿಟ್ಟು, ಬೋರ್ಡೋ ಸುಪೀರಿಯರ್ ಅಂತ ಬರೆದಿರೋ ಒಂದು ಬಾಟಲಿ ಎತ್ತಿಕೊಳ್ಳಿ. ಹಿಂದಿನ ಚೀಟಿಯಲ್ಲಿ ಮೆರ್ಲೋ ಎಷ್ಟು, ಕ್ಯಾಬರ್ನೆ ಎಷ್ಟು ಅಂತ ಇದ್ದರೆ ಓದಿ. ಅದೇ ತೋಟದ ಇನ್ನೊಂದು ವರ್ಷದ ಬಾಟಲಿ ಪಕ್ಕದಲ್ಲೇ ಸಿಕ್ಕರೆ ಅದರ ಅಂಕಿಯನ್ನೂ ನೋಡಿ, ಎರಡೂ ಒಂದೇ ಇರೋದು ಅಪರೂಪ.