ಕಿವಿ ಅತ್ತನಾ, ಅತ್ತಳಾ?

[ಕ್ಯಾಮೆರಾ ಎದುರು ನಿರೂಪಕಿ]

ನಮಸ್ಕಾರ. ಹೋದ ತಿಂಗಳು ಅಕ್ಕನ ಮಗಳಿಗೆ ಕಥೆ ಹೇಳಿ ಮಲಗಿಸಲು ಕೂತೆ. ಆರು ವರ್ಷ ಅವಳಿಗೆ. ಕಥೆ ಸ್ವೀಡನ್ನಿನದು, ಹೀರೋ ಹೆಸರು ಕಿವಿ. ಹೌದು, ಕಿವಿನೇ. ಅಲ್ಲಿಗೇ ಅವಳು ಬಿದ್ದು ಬಿದ್ದು ನಕ್ಕಳು. ‘ಮೂಗು ಎಲ್ಲಿ ಚಿಕ್ಕಮ್ಮ?’ ಅಂತ ಬೇರೆ. ನಗು ಮುಗಿದ ಮೇಲೆ ಶುರು ಮಾಡಿದೆ. ‘ಹುಟ್ಟುಹಬ್ಬಕ್ಕೆ ಕಿವಿಗೆ ಒಂದು ನಾಯಿ ಬೇಕಿತ್ತು.’ ಇಲ್ಲಿವರೆಗೆ ತೊಂದರೆ ಇಲ್ಲ. ‘ನಾಯಿ ಬೇಕು ಅಂತ ಕಿವಿ ಅತ್ತ...’ ಅತ್ತನಾ? ಅತ್ತಳಾ? ಅಲ್ಲೇ ನನ್ನ ಗಾಡಿ ನಿಂತಿತು.

ಯಾಕೆಂದರೆ ಕಿವಿ ಹುಡುಗನೋ ಹುಡುಗಿಯೋ ಅಂತ ಪುಸ್ತಕದಲ್ಲಿ ಎಲ್ಲೂ ಹೇಳಿಲ್ಲ.

[ಪರದೆಯ ಮೇಲೆ: ಹಾನ್, ಹುನ್, ಹೆನ್]

‘ಕಿವಿ ಮತ್ತು ರಾಕ್ಷಸ ನಾಯಿ’, 2012. ಬರೆದವರು ಯೆಸ್ಪರ್ ಲುಂಡ್‌ಕ್ವಿಸ್ಟ್. ಸ್ವೀಡಿಷ್‌ನಲ್ಲಿ ಅವನು ಅಂದರೆ ‘ಹಾನ್’, ಅವಳು ಅಂದರೆ ‘ಹುನ್’. ಈ ಪುಸ್ತಕ ಎರಡನ್ನೂ ಬಿಟ್ಟು ‘ಹೆನ್’ ಅಂತು. ಕೋಳಿ ಅಲ್ಲ ಮಾರಾಯ್ರೆ! ಅವನೂ ಆಗಬಹುದು, ಅವಳೂ ಆಗಬಹುದು ಅನ್ನುವ ಪದ. 1966ರಲ್ಲೇ ಒಂದು ಪತ್ರಿಕೆಯಲ್ಲಿ ಇದರ ಸಲಹೆ ಬಂದಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಮಕ್ಕಳ ಪುಸ್ತಕಕ್ಕೆ ಬಂದಾಗ ಮಾತ್ರ ದೊಡ್ಡ ಗಲಾಟೆ. 2015ರಲ್ಲಿ ಸ್ವೀಡಿಷ್ ಅಕಾಡೆಮಿ, ಅಂದರೆ ಸಾಹಿತ್ಯದ ನೊಬೆಲ್ ಕೊಡುವವರೇ, ಅದನ್ನು ತಮ್ಮ ಪದಪಟ್ಟಿಗೆ ಸೇರಿಸಿಕೊಂಡರು.

ಅವರದ್ದು ಸುಲಭ. ಬರೆಯುವಾಗ ನಡುವಿನ ಒಂದು ಅಕ್ಷರ ಬದಲಾಯಿಸಿದರೆ ಮುಗೀತು. ಯಾರೇ ಓಡಲಿ, ಓಡುವ ಪದ ಒಂದೇ. ನಮ್ಮಲ್ಲಿ? ‘ಅವನು’ ಅನ್ನೋದನ್ನು ಕಿತ್ತು ಹಾಕಿದರೂ ‘ಓಡಿದ’ ಅನ್ನುವ ಪದವೇ ಗುಟ್ಟು ಬಿಟ್ಟುಕೊಡುತ್ತದೆ.

ಸರಿ, ಮರ್ಯಾದೆ ಕೊಟ್ಟು ನೋಡೋಣ ಅಂದುಕೊಂಡೆ. ‘ಕಿವಿಯವರು ಅತ್ತರು.’ ತಹಶೀಲ್ದಾರರು ಅತ್ತ ಹಾಗಿದೆ, ಅಲ್ವಾ?

ಆಮೇಲೆ ನೆನಪಾಯಿತು, ನಮ್ಮ ಹತ್ತಿರವೂ ಒಂದು ಹೆನ್ ಇದೆ. ಮಗು! ‘ಮಗು ಅತ್ತಿತು’, ‘ಮಗು ಮಲಗಿದೆಯಾ?’ ದಿನಾ ಹೇಳುತ್ತೇವೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಪತ್ರಿಕೆಯಲ್ಲಿ ಚರ್ಚೆ ಇಲ್ಲ, ಅಕಾಡೆಮಿ ಇಲ್ಲ. ಆದರೆ ಇದಕ್ಕೆ ಎಕ್ಸ್‌ಪೈರಿ ಡೇಟ್ ಇದೆ. ಸ್ಕೂಲ್ ಬ್ಯಾಗ್ ಹೆಗಲಿಗೆ ಬರುವ ಹೊತ್ತಿಗೆ ‘ಬಂತು’ ಹೋಗಿ ‘ಬಂದ’, ‘ಬಂದಳು’ ಆಗಿರುತ್ತದೆ. ಸಾಲದ್ದಕ್ಕೆ ಈ ಕಥೆಯಲ್ಲಿ ನಾಯಿಯೂ ಇದೆ. ಮಗುವೂ ಅದು, ನಾಯಿಯೂ ಅದು. ‘ಅದು ಅದರ ಹಿಂದೆ ಓಡಿತು.’ ಯಾರು ಯಾರ ಹಿಂದೆ? ‘ಕಿವಿ ಏನು ನಾಯಿಮರಿನಾ?’ ಅಂತ ಇವಳು ಕೇಳಿಯೇ ಬಿಟ್ಟಳು.

[ಪರದೆಯ ಮೇಲೆ: 20 ಕ್ರೋನಾ ನೋಟು]

ಹುಡುಗ ಹೀಗಿರಬೇಕು, ಹುಡುಗಿ ಹಾಗಿರಬೇಕು ಅನ್ನೋದನ್ನು ಮಕ್ಕಳ ಪುಸ್ತಕದಲ್ಲಿ ತಲೆಕೆಳಗು ಮಾಡುವ ಚಾಳಿ ಸ್ವೀಡನ್ನಿನವರಿಗೆ ಹಳೆಯದು. ನೋಟಿನಲ್ಲಿರುವವರು ಮಕ್ಕಳ ಕಥೆಗಳ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್, ಜೊತೆಗೆ ಅವರ ಕಥೆಯ ಹುಡುಗಿ ಪಿಪ್ಪಿ. ಒಂಬತ್ತು ವರ್ಷದವಳು, ದೊಡ್ಡವರಿಲ್ಲದ ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ಕುದುರೆಯನ್ನು ಎತ್ತಿ ಇಳಿಸುತ್ತಾಳೆ. 1944ರಲ್ಲಿ ಹಸ್ತಪ್ರತಿ ಕಳಿಸುವಾಗ ಲಿಂಡ್‌ಗ್ರೆನ್ ‘ಮಕ್ಕಳ ರಕ್ಷಣೆಯವರಿಗೆ ದೂರು ಕೊಡಬೇಡಿ’ ಅನ್ನುವ ಅರ್ಥದಲ್ಲಿ ಒಂದು ತಮಾಷೆ ಸಾಲೂ ಬರೆದಿದ್ದರು. ಆ ಪ್ರಕಾಶಕರು ದೂರು ಕೊಡಲಿಲ್ಲ, ಪುಸ್ತಕವನ್ನೂ ಹಾಕಲಿಲ್ಲ. 1945ರಲ್ಲಿ ಬೇರೆಯವರು ಹಾಕಿದರು.

ಮರುವರ್ಷ ಒಬ್ಬ ಪ್ರೊಫೆಸರ್ ಪತ್ರಿಕೆಯಲ್ಲಿ ಪಿಪ್ಪಿಯನ್ನು ಝಾಡಿಸಿದರು. ಅವರ ಒಂದು ಆಕ್ಷೇಪ ಏನು ಗೊತ್ತಾ? ನೆಟ್ಟಗಿರುವ ಯಾವ ಮಗುವೂ ಇಡೀ ಕ್ರೀಮ್ ಕೇಕ್ ತಿನ್ನುವುದಿಲ್ಲವಂತೆ! ಅದು ಹೆಂಗಸರ ಕಾಫಿ ಕೂಟ. ಟೇಬಲ್ ಮೇಲೆ ಕೇಕ್, ನಡುವೆ ಒಂದು ಕೆಂಪು ಮಿಠಾಯಿ. ಅದನ್ನು ಬಾಯಲ್ಲೇ ಕಚ್ಚಲು ಹೋಗಿ ಪಿಪ್ಪಿಯ ಮುಖ ಪೂರ್ತಿ ಕೇಕ್ ಒಳಗೆ. ಇನ್ನು ಬೇರೆ ಯಾರೂ ತಿನ್ನೋ ಹಾಗಿಲ್ಲ ಅಂತ ಎಲ್ಲವನ್ನೂ ತಿಂದು ಮುಗಿಸುತ್ತಾಳೆ. ನನ್ನ ಪ್ರಕಾರ ಕುದುರೆ ಎತ್ತುವುದಕ್ಕಿಂತ ಇದು ಜಾಸ್ತಿ ಧೈರ್ಯ. ಬಲ ಇರುವ ಹುಡುಗಿಯನ್ನು ಕಥೆ ಅಂತ ಒಪ್ಪಬಹುದು. ನಾಲ್ಕು ಜನರ ಎದುರು ಹೊಟ್ಟೆ ತುಂಬಾ ತಿನ್ನುವ ಹುಡುಗಿಯನ್ನು? ನಮ್ಮ ಮನೆಗಳಲ್ಲಿ ಈಗಲೂ ಕಷ್ಟ.

ಹುಡುಗರ ಸರದಿ ತಡವಾಗಿ ಬಂತು. 1972ರಲ್ಲಿ ಗುನಿಲ್ಲಾ ಬರ್ಗ್‌ಸ್ಟ್ರೋಮ್ ಅವರ ಪುಟ್ಟ ಆಲ್ಫೋನ್ಸ್ ಬಂದ. ಅವನನ್ನು ಸಾಕುವುದು, ಮಲಗಿಸುವುದು ಎಲ್ಲ ಅಪ್ಪನೇ. ಮೊದಲ ಪುಸ್ತಕದಲ್ಲಿ ಮಗನನ್ನು ಮಲಗಿಸಿ ಮಲಗಿಸಿ ಸುಸ್ತಾಗಿ ಅಪ್ಪನೇ ನೆಲದ ಮೇಲೆ ನಿದ್ದೆ ಹೋಗುತ್ತಾನೆ. ಫುಟ್‌ಬಾಲ್ ಆಡುವ ಕೆಂಟಾ ಬಾರ್ಬಿ ಬೊಂಬೆ ಹಿಡಿದುಕೊಂಡು ಬಂದಿದ್ದು 2007ರಲ್ಲಿ, ಪಿಯಾ ಲಿಂಡೆನ್‌ಬಾಮ್ ಅವರ ಪುಸ್ತಕದಲ್ಲಿ. ಪಿಪ್ಪಿಗೂ ಇವನಿಗೂ 62 ವರ್ಷ ಅಂತರ. ಮಗಳು ಬುಲೆಟ್ ಓಡಿಸಿದರೆ ಸ್ಟೇಟಸ್‌ಗೆ ಹಾಕುತ್ತೇವೆ, ಮಗ ಬೊಂಬೆಗೆ ಜಡೆ ಹಾಕಿದರೆ ಫೋನ್ ಒಳಗೆ ಇಡುತ್ತೇವೆ. ಹಾಗೇ ಅಲ್ಲಿಯೂ ಆಗಿರಬೇಕು ಅಂತ ನನ್ನ ಅಂದಾಜು.

ಟೈಮ್ ಇಲ್ಲ, ದೊಡ್ಡ ಮಕ್ಕಳ ಪುಸ್ತಕ ಎರಡನ್ನು ಬೇಗ ಹೇಳಿ ಬಿಡುತ್ತೇನೆ. ಪೀಟರ್ ಪೋಲ್ ಅವರ 1985ರ ‘ಯಾನ್ನೆ, ನನ್ನ ಗೆಳೆಯ’. 1950ರ ದಶಕದ ಸ್ಟಾಕ್‌ಹೋಮ್, ಹುಡುಗ ಅಂದುಕೊಂಡ ಗೆಳೆಯ ಹುಡುಗಿ ಅಂತ ಗೊತ್ತಾಗುತ್ತದೆ. ಕಣ್ಣಲ್ಲಿ ನೀರು ಗ್ಯಾರಂಟಿ. ಇನ್ನೊಂದು ಯೆಸ್ಸಿಕಾ ಶೀಫಾವರ್ ಅವರ ‘ಹುಡುಗರು’, 2011. ಮೂವರು ಹುಡುಗಿಯರು ಒಂದು ಹೂವಿನ ರಸ ಕುಡಿದು ರಾತ್ರಿ ಹೊತ್ತು ಹುಡುಗರಾಗುತ್ತಾರೆ. ಸ್ವೀಡನ್ನಿನ ‘ಆಗಸ್ಟ್’ ಅನ್ನುವ ಸಾಹಿತ್ಯ ಪ್ರಶಸ್ತಿ ಆ ವರ್ಷ ಮಕ್ಕಳ ವಿಭಾಗದಲ್ಲಿ ಇದಕ್ಕೇ.

ಹಾಂ, ಕಿವಿ ಕಥೆ ಏನಾಯಿತು ಅಂತೀರಾ? ಕೊನೆಗೆ ನಾನೇ ಕಿವಿಯಾದೆ. ‘ನಾನು ಅತ್ತೆ, ನಾನು ಓಡಿದೆ.’ ಕನ್ನಡದಲ್ಲಿ ‘ನಾನು’ ಅಂದರೆ ಗಂಡೂ ಅಲ್ಲ, ಹೆಣ್ಣೂ ಅಲ್ಲ. ‘ನೀನು’ ಕೂಡ ಅಷ್ಟೇ. ಕಥೆ ಸಲೀಸಾಗಿ ಓಡಿತು. ಮುಗಿದ ಮೇಲೆ ಈಗ ಕೇಳುತ್ತಾಳೆ ಅಂತ ಕಾದೆ. ಕೇಳಿದಳು.

‘ಚಿಕ್ಕಮ್ಮ, ಆ ನಾಯಿ ಗಂಡಾ, ಹೆಣ್ಣಾ?’