ಮರಕ್ಕೊಂದು ದತ್ತಿ, ಭಾನುವಾರಕ್ಕೊಂದು ಕೈ

(ಧಾರವಾಡದಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ಶರಣು.

ಬೋನ್ಸಾಯ್ ಅಂದರೆ ಕುಂಡದಲ್ಲಿ ಗಿಡ್ಡವಾಗಿ ಬೆಳೆಸಿದ ಮರ ಎಂದು ಈ ಸಭೆಗೆ ಹೇಳುವ ಅಗತ್ಯವಿಲ್ಲ. ಅದು ಮರಕ್ಕೆ ಹಿಂಸೆಯೋ ಅಲ್ಲವೋ, ‘ವಾಮನ ವೃಕ್ಷ’ ಎಂಬ ಹೆಸರು ಒಪ್ಪುತ್ತದೋ ಇಲ್ಲವೋ, ಆ ಚರ್ಚೆಯೂ ಇವತ್ತು ಬೇಡ. ಇವತ್ತು ಬೇರೆ ಅವಸರವಿದೆ. ನಲವತ್ತರ ವಯಸ್ಸಿನಲ್ಲಿ ಈ ಹವ್ಯಾಸ ಹಿಡಿದವರು ಈಗ ಎಪ್ಪತ್ತು ದಾಟಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾರೆ. ಏಪ್ರಿಲ್‌ನಲ್ಲಿ ನಾಲ್ಕು ದಿನ ಮಗಳ ಮನೆಗೆ ಹೋಗಿ ಬಂದರೆ ಮಾಳಿಗೆಯ ಮೇಲಿನ ಮೂವತ್ತು ವರ್ಷದ ಹುಣಸೆ ಒಣಗಿ ನಿಂತಿರುತ್ತದೆ. ಸಾಕಿದವರು ತೀರಿಕೊಂಡ ಮೇಲೆ ಆ ಕುಂಡಗಳು ಮೊದಲು ಗೇಟಿನ ಮೂಲೆಗೆ ಹೋಗುತ್ತವೆ, ಆಮೇಲೆ ಗುಜರಿಗೆ. ಈ ಮರಗಳಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲರೂ ಬಂದು ನೋಡುವಂಥ ಒಂದು ಶಾಶ್ವತ ಮನೆ ಬೇಕು.

ಶಾಶ್ವತ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಮೂರು ದಿನದ ಪ್ರದರ್ಶನ ಮಾಡುವುದು ನಮಗೆ ಗೊತ್ತು. ಪೆಂಡಾಲು, ಬಾಡಿಗೆಯ ಮೇಜು, ಮೇಲೊಂದು ಬಿಳಿ ಬಟ್ಟೆ. ನಾಲ್ಕನೆಯ ದಿನ ಮರಗಳು ಅವರವರ ಮನೆಗೆ ಹೋಗುತ್ತವೆ. ಶಾಶ್ವತ ಪ್ರದರ್ಶನದಲ್ಲಿ ಆ ನಾಲ್ಕನೆಯ ದಿನ ಬರುವುದೇ ಇಲ್ಲ. ಅಲ್ಲಿ ಬರುವುದು ಭಾನುವಾರ, ಮಾಲಿಯ ರಜೆಯ ದಿನ. ಇಂಥ ಸಂಗ್ರಹಗಳು ಮರದ ಕೊರತೆಯಿಂದಾಗಲಿ ಕಟ್ಟಡದ ಕೊರತೆಯಿಂದಾಗಲಿ ಸಾಯುವುದಿಲ್ಲ. ಯಾರೂ ನೀರು ಹಾಕದ ಒಂದೇ ಒಂದು ಭಾನುವಾರ ಸಾಕು.

ಒಂದು ಕಥೆ ಹೇಳಬೇಕು. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷವಾದ 1976ರಲ್ಲಿ ಜಪಾನಿನವರು 53 ಬೋನ್ಸಾಯ್‌ಗಳನ್ನು ಉಡುಗೊರೆ ಕೊಟ್ಟರು. ವಾಷಿಂಗ್ಟನ್‌ನಲ್ಲಿರುವ ಸರ್ಕಾರಿ ಸಸ್ಯೋದ್ಯಾನದ ಬೋನ್ಸಾಯ್ ವಸ್ತುಸಂಗ್ರಹಾಲಯ ಶುರುವಾದದ್ದು ಆ ಮರಗಳಿಂದ. ಮರಗಳು ಒಂದು ವರ್ಷ ಮೊದಲೇ ಬಂದಿದ್ದವು. ಹುಳ, ರೋಗ ಏನಾದರೂ ಬಂದಿದ್ದರೆ ಗೊತ್ತಾಗಲೆಂದು ಅವನ್ನು ಬೇರೆಯೇ ಇಟ್ಟಿದ್ದರು. ಅವುಗಳಲ್ಲಿ ಒಂದು ಬಿಳಿ ಪೈನ್, ಕೊಟ್ಟವರು ಮಸಾರು ಯಾಮಾಕಿ. 1625ರಿಂದ ಕುಂಡದಲ್ಲಿ ಬೆಳೆಸಿದ ಮರ ಎಂದು ದಾಖಲೆಯಲ್ಲಿತ್ತು. ಅದರಾಚೆ ಯಾರಿಗೂ ಏನೂ ತಿಳಿದಿರಲಿಲ್ಲ. ಇಪ್ಪತ್ತೈದು ವರ್ಷ ಅದಕ್ಕೆ ನೀರು ಹಾಕಿದರು, ಕತ್ತರಿ ಹಿಡಿದರು, ಬೇರು ಸವರಿದರು. 2001ರಲ್ಲಿ ಇಬ್ಬರು ಯುವಕರು ಬಂದು ನಮ್ಮ ಅಜ್ಜ ಕೊಟ್ಟ ಮರ ನೋಡಬೇಕು ಎಂದರು. ಅವರಿಂದ ತಿಳಿದ ಸಂಗತಿ ಏನೆಂದರೆ, ಯಾಮಾಕಿ ಮನೆತನದ ತೋಟ ಇದ್ದದ್ದು ಹಿರೋಶಿಮಾದಲ್ಲಿ. 1945ರ ಆಗಸ್ಟ್ 6ರ ಬೆಳಿಗ್ಗೆ ಬಾಂಬು ಬಿದ್ದ ಜಾಗದಿಂದ ಸುಮಾರು ಮೂರು ಕಿಲೋಮೀಟರು. ಮನೆಯ ಗಾಜುಗಳು ಒಡೆದು ಒಳಗಿದ್ದವರ ಮೈಗೆ ಚುಚ್ಚಿದವು. ಎತ್ತರದ ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. ಬಾಂಬು ಹಾಕಿದ ದೇಶಕ್ಕೇ ಆ ಮರವನ್ನು ಕೊಟ್ಟ ಯಾಮಾಕಿ ಈ ಸಂಗತಿಯನ್ನು ಅಲ್ಲಿ ಹೇಳಿಕೊಂಡೂ ಇರಲಿಲ್ಲ.

ಎಷ್ಟು ಸಲ ಹೇಳಿದರೂ ನನಗೆ ಈ ಕಥೆಯಲ್ಲಿ ಬಾಂಬಿಗಿಂತ ದೊಡ್ಡದಾಗಿ ಕಾಣುವುದು ಆ ಇಪ್ಪತ್ತೈದು ವರ್ಷ. ಮರದ ಮಹಿಮೆ ಗೊತ್ತಿಲ್ಲದವರೂ ಒಂದು ದಿನ ನೀರು ತಪ್ಪಿಸಲಿಲ್ಲ. ಮೊಮ್ಮಕ್ಕಳು ಬಂದಾಗ ಮರ ಇತ್ತು, ಅದರ ಚೀಟಿಯಲ್ಲಿ ಅಜ್ಜನ ಹೆಸರಿತ್ತು. ಅಲ್ಲಿ ಜಾಗ ಸರ್ಕಾರದ್ದು. ಅದಕ್ಕೆ ಬೆನ್ನೆಲುಬಾಗಿ ಜನರಿಂದ ಹಣ ಕೂಡಿಸುವ ಪ್ರತಿಷ್ಠಾನವೊಂದು 1982ರಲ್ಲಿ ಹುಟ್ಟಿತು. ನಮಗೂ ಈ ಎರಡು ಕಾಲು ಬೇಕು.

ಎರಡನೆಯ ಕಾಲನ್ನು ನಾವು ಹೊರಗಿನಿಂದ ಕಲಿಯಬೇಕಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಊರು ಇದು. ದತ್ತಿ ಎಂದರೇನು ಎಂದು ಧಾರವಾಡದವರಿಗೆ ಯಾರು ಹೇಳಬೇಕು? ತಂದೆ-ತಾಯಿಯ ಹೆಸರಿನಲ್ಲಿ ಒಂದು ಮೊತ್ತ ಇಡುತ್ತಾರೆ, ಅಸಲು ಮುಟ್ಟುವುದಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಉಪನ್ಯಾಸಕ್ಕೆ ದತ್ತಿ ಇಡುವ ಊರು ಮರಕ್ಕೂ ಇಡಬಹುದು.

ಲೆಕ್ಕ ನೋಡ್ರಿ. ಅರವತ್ತು ಮರ ಇಟ್ಟುಕೊಳ್ಳೋಣ, ನಲವತ್ತು ಪ್ರದರ್ಶನದಲ್ಲಿ, ಇಪ್ಪತ್ತು ಹಿಂದೆ ವಿಶ್ರಾಂತಿಯಲ್ಲಿ. ಮಾಲಿ ಇಬ್ಬರು ಬೇಕು, ಒಬ್ಬರಲ್ಲ. ಒಬ್ಬರಿಗೆ ಜ್ವರ ಬರುತ್ತದೆ, ಊರ ಜಾತ್ರೆ ಬರುತ್ತದೆ. ತಿಂಗಳಿಗೆ 18,000 ರೂಪಾಯಿಯಂತೆ ಇಬ್ಬರಿಗೆ ವರ್ಷಕ್ಕೆ 4,32,000. ಮಣ್ಣು, ಕೊಂಬೆಗೆ ಸುತ್ತಿ ಆಕಾರ ಕೊಡುವ ತಂತಿ, ನೆರಳು ಬಲೆ, ವಿದ್ಯುತ್ತು ಸೇರಿ ಒಂದು ಲಕ್ಷದ ಹತ್ತಿರ. ಒಟ್ಟು ಸುಮಾರು 5,30,000. ಶೇ 6.5ರ ಬಡ್ಡಿಗೆ 40 ಲಕ್ಷ ರೂಪಾಯಿಯ ದತ್ತಿನಿಧಿ ಇಟ್ಟರೆ 2,60,000 ಬರುತ್ತದೆ. ಉಳಿದ 2,70,000ಕ್ಕೆ ಅರವತ್ತು ಮರಗಳನ್ನು ಒಂದೊಂದು ಮನೆ, ಶಾಲೆ, ಅಂಗಡಿ ವರ್ಷಕ್ಕೆ 4,500 ರೂಪಾಯಿಗೆ ದತ್ತು ತೆಗೆದುಕೊಳ್ಳಲಿ. ಬೆಲೆ ಏರಿದಂತೆ ಬಡ್ಡಿ ಸಾಲದೆ ಬರುತ್ತದೆ, ಆದ್ದರಿಂದ ಹೊಸ ದತ್ತಿಗಳನ್ನು ಪ್ರತಿವರ್ಷ ಅಸಲಿಗೆ ಸೇರಿಸುತ್ತಲೇ ಇರಬೇಕು. ಮೊದಲ ದೊಡ್ಡ ದೇಣಿಗೆ ಬಂದ ಕೂಡಲೇ ಕಮಾನು, ಕಾರಂಜಿ ಎಂದು ಹೊರಡುವವರನ್ನು ಕೈಮುಗಿದು ತಡೆಯಬೇಕು. ಕಮಾನಿಗೆ ಭಾನುವಾರ ನೀರು ಹಾಕಲು ಬರುವುದಿಲ್ಲ.

ಜಾಗ ಮೂರು ಗುಂಟೆ ಸಾಕು. ಮರಕ್ಕೆ 1.2 ಮೀಟರಿನಂತೆ ನಲವತ್ತಕ್ಕೆ 48 ಮೀಟರು ಕಟ್ಟೆ. ನಡುವೆ 1.8 ಮೀಟರು ದಾರಿ, ಎರಡು ಗಾಲಿಕುರ್ಚಿ ಎದುರುಬದುರಾದರೂ ಹಾಯುವಷ್ಟು. ಇದೆಲ್ಲ ಒಂದು ಗುಂಟೆಯೊಳಗೆ ಮುಗಿಯುತ್ತದೆ. ಉಳಿದದ್ದು ಕೆಲಸದ ಚಪ್ಪರಕ್ಕೆ, ವಿಶ್ರಾಂತಿಯ ಮರಗಳಿಗೆ, ನೀರಿನ ತೊಟ್ಟಿಗೆ. ಕಟ್ಟೆ ಮೂರು ಅಡಿ ಎತ್ತರವಿರಲಿ, ಬೋನ್ಸಾಯ್‌ಯನ್ನು ಮೇಲಿನಿಂದ ನೋಡಬಾರದು, ಕಾಂಡದ ಎದುರು ನಿಂತು ನೋಡಬೇಕು. ಮೇಲೆ ಫರಸಿ ಹಾಸಬೇಡಿ. ಮೇ ತಿಂಗಳ ಮಧ್ಯಾಹ್ನ ಕಲ್ಲು ಕಾದು ಕುಂಡದ ಬೇರು ಬೇಯುತ್ತದೆ. ಸಂದಿ ಬಿಟ್ಟು ಜೋಡಿಸಿದ ಮರದ ಪಟ್ಟಿ ಒಳ್ಳೆಯದು.

ಇನ್ನು ನೀರು. ನಳಕ್ಕೆ ದಿನವೂ ನೀರು ಬರುತ್ತದೆಂದು ನಂಬಿ ನಮ್ಮ ಅವಳಿ ನಗರದಲ್ಲಿ ಯಾವ ತೋಟವನ್ನೂ ಮಾಡಲಾಗದು. 45 ಸೆಂಟಿಮೀಟರು ಉದ್ದ, 30 ಅಗಲ, 8 ಆಳದ ಕುಂಡಕ್ಕೆ ಬೇಸಿಗೆಯಲ್ಲಿ ಬೆಳಿಗ್ಗೆ ಮೂರು ಲೀಟರು, ಸಂಜೆ ಮೂರು ಲೀಟರು. ಅರವತ್ತು ಕುಂಡಕ್ಕೆ ದಿನಕ್ಕೆ 360 ಲೀಟರು. ಹತ್ತು ದಿನ ನಳ ಬಾರದಿದ್ದರೂ ನಡೆಯಲು 5,000 ಲೀಟರಿನ ಟಾಕಿ ಬೇಕು. ಬೋರಿನ ಗಡಸು ನೀರನ್ನೇ ಹಾಕುತ್ತ ಹೋದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ನೀರು ಅದನ್ನು ಬೇರಿಗೆ ಸಿಗಗೊಡುವುದಿಲ್ಲ. ಮದ್ದು ಮಳೆನೀರು. 100 ಚದರ ಮೀಟರಿನ ಚಾವಣಿ, ವರ್ಷಕ್ಕೆ 700 ಮಿಲಿಮೀಟರು ಮಳೆ, ಐದರಲ್ಲಿ ಒಂದು ಪಾಲು ಪೋಲಾದರೂ 56,000 ಲೀಟರು ಕೈಗೆ ಸಿಗುತ್ತದೆ. ಅಂದರೆ ಐದು ತಿಂಗಳ ನೀರು. ಲಕ್ಕುಂಡಿಯಲ್ಲಿ ಮೆಟ್ಟಿಲು ಬಾವಿ ಕಟ್ಟಿದ ಸೀಮೆಯವರು ನಾವು, ನೀರು ಹಿಡಿದಿಡುವುದು ನಮಗೆ ಹೊಸದಲ್ಲ.

ಮಣ್ಣಿನ ವಿಷಯದಲ್ಲಿ ಜಗಳಕ್ಕೂ ತಯಾರಿದ್ದೇನೆ. ಎರೆಮಣ್ಣು ಜೋಳಕ್ಕೆ, ಹತ್ತಿಗೆ ಬಂಗಾರ, ಬೋನ್ಸಾಯ್ ಕುಂಡಕ್ಕೆ ಮಾತ್ರ ಬೇಡ. ಹಸಿಯಾದಾಗ ಉಬ್ಬಿ ಉಸಿರುಗಟ್ಟಿಸುತ್ತದೆ, ಒಣಗಿದಾಗ ಬಿರಿದು ಸಣ್ಣ ಬೇರನ್ನು ಹರಿಯುತ್ತದೆ. ಚೆನ್ನಾಗಿ ಬೆಂದ ಇಟ್ಟಿಗೆಯನ್ನು 3ರಿಂದ 6 ಮಿಲಿಮೀಟರಿಗೆ ಕುಟ್ಟಿ ಅದು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಪೂರ್ತಿ ಕೊಳೆತ ಎಲೆಗೊಬ್ಬರ ಒಂದು ಪಾಲು. ಅರೆಬೆಂದ ಇಟ್ಟಿಗೆ ಎರಡು ಮಳೆಗಾಲದಲ್ಲಿ ಕರಗಿ ಕೆಸರಾಗುತ್ತದೆ. ಕುಟ್ಟಿದ್ದನ್ನು ಸಾಣಿಗೆ ಹಿಡಿಯಲೇಬೇಕು, ಹಿಟ್ಟು ಹೋಗಬೇಕು, ರವೆ ಉಳಿಯಬೇಕು. ಆ ಹಿಟ್ಟೇ ತಳಕ್ಕಿಳಿದು ತೂತು ಮುಚ್ಚುವುದು. ತಳದಲ್ಲಿ ಜಲ್ಲಿ ಹಾಸುವ ರೂಢಿಯನ್ನೂ ಬಿಡಬೇಕು. ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎನ್ನುತ್ತಾರೆ. ಹಾಗಾಗುವುದಿಲ್ಲ. ನೀರು ಸಣ್ಣ ಕಾಳಿನಿಂದ ದೊಡ್ಡ ಕಾಳಿಗೆ ಸುಲಭವಾಗಿ ಇಳಿಯದೆ ಜಲ್ಲಿಯ ಮೇಲೇ ನಿಲ್ಲುತ್ತದೆ. ಎಂಟು ಸೆಂಟಿಮೀಟರಿನ ಕುಂಡದಲ್ಲಿ ಎರಡು ಜಲ್ಲಿಗೆ ಹೋದರೆ ಬೇರಿಗೆ ಆರೇ ಉಳಿಯಿತು, ಅದರಲ್ಲೂ ಕೆಳಗಿನದು ಜೌಗು. ತೂತಿನ ಮೇಲೆ ಒಂದು ತುಂಡು ಜಾಲರಿ ಸಾಕು. ಕುಂಡಗಳಿಗಂತೂ ದೂರ ಹೋಗಬೇಕಿಲ್ಲ, ಖಾನಾಪುರದ ಜೇಡಿಮಣ್ಣು ಹೆಸರಾದದ್ದು. ಅಳತೆ, ತೂತು, ಕಾಲು ಹೇಳಿ ಅಲ್ಲಿನ ಕುಂಬಾರರಿಂದಲೇ ಮಾಡಿಸಬಹುದು.

ಯಾವ ಮರ? ಆಲ, ಅರಳಿ, ಬಸರಿ, ಅತ್ತಿ, ಹುಣಸೆ, ಕಾಗದದ ಹೂವು. ಚಳಿ ಬೇಡುವ ಪೈನ್, ಮೇಪಲ್ ನಮ್ಮಲ್ಲಿ ಬಾಳುವುದಿಲ್ಲ, ಹಟ ಬೇಡ. ಒಂದು ಬನ್ನಿ ಇರಲೇಬೇಕು. ದಸರೆಯ ದಿನ ಅದಕ್ಕೆ ಒಬ್ಬರನ್ನು ಕಾವಲಿಗೂ ಇಡಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಊರೆಲ್ಲ ಬಂಗಾರ ಹಂಚಿಕೊಂಡು ಬನ್ನಿ ಬೋಳಾಗಿರುತ್ತದೆ! ಆಲ, ಬಸರಿಗಳ ಕುಂಡ ಬದಲಿಸುವುದು ಮೃಗಶಿರಾ ಮಳೆ ಹಿಡಿದ ಮೇಲೆ, ಎರಡು ವರ್ಷಕ್ಕೊಮ್ಮೆ. ಬೇರಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಆಮೇಲೆ ಮೂರು ವಾರ ನೆರಳು, ಒಂದು ತಿಂಗಳು ಗೊಬ್ಬರವಿಲ್ಲ. ತಂತಿ ಕೊಂಬೆಯ ದಪ್ಪದ ಮೂರನೇ ಒಂದರಷ್ಟಿರಲಿ. ಮಳೆಗಾಲದಲ್ಲಿ ಆಲದ ಕೊಂಬೆ ಬೇಗ ದಪ್ಪವಾಗಿ ಆರು ವಾರದಲ್ಲೇ ತಂತಿ ತೊಗಟೆಗೆ ಇಳಿಯಬಹುದು, ಆ ಗಾಯ ವರ್ಷಗಟ್ಟಲೆ ಕಾಣುತ್ತದೆ. ಹಾಗಾಗಿ ತಂತಿ ಕಟ್ಟಿದ ತಾರೀಖು ಕುಂಡದ ಮೇಲೇ ಬರೆದಿರಲಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮರ ಕೊಡುವವರಿಂದ ದಾನಪತ್ರ ಬರೆಸಿಕೊಳ್ಳಬೇಕು, ಮರಳಿ ಕೇಳುವಂತಿಲ್ಲ, ಆಕಾರ ಬದಲಿಸುವ ಹಕ್ಕು ಸಂಸ್ಥೆಯದು. ಬಂದ ಮರ ಆರು ವಾರ ಪ್ರತ್ಯೇಕ. ಹಿಟ್ಟು ತಿಗಣೆ ಒಂದು ಕುಂಡದಲ್ಲಿ ಬಂದು ಅರವತ್ತಕ್ಕೂ ಹರಡುತ್ತದೆ. ಮರದ ಚೀಟಿಯಲ್ಲಿ ಊಹೆಯ ವಯಸ್ಸು ಬೇಡ, ಯಾರು ಯಾವ ವರ್ಷ ಕುಂಡಕ್ಕೆ ಹಾಕಿದರು ಎಂಬುದಿರಲಿ. ಜೂನ್-ಜುಲೈನ ಪಡುವಣ ಗಾಳಿಗೂ ಕಳ್ಳರಿಗೂ ಒಂದೇ ಉಪಾಯ, ಕುಂಡವನ್ನು ತಳದ ತೂತಿನಿಂದ ಉಕ್ಕಿನ ತಂತಿ ಹಾಯಿಸಿ ಕಟ್ಟೆಗೆ ಬಿಗಿಯುವುದು. ಜಾಗ ಕೊಡುವವರು ಪಾಲಿಕೆಯಾಗಲಿ ವಿಶ್ವವಿದ್ಯಾಲಯವಾಗಲಿ, ಒಪ್ಪಂದ ಮೂವತ್ತು ವರ್ಷಕ್ಕೆ ಕಡಿಮೆ ಇರಬಾರದು. ನೆರಳು ಬಲೆ, ಮಂಗ, ಶಾಲಾ ಮಕ್ಕಳ ಭೇಟಿ, ಇವು ಪ್ರಶ್ನೋತ್ತರದಲ್ಲಿ ಬರಲಿ.

ಹೊರಗೆ ಮೇಜಿನ ಮೇಲೆ ಎರಡು ವಹಿಗಳಿವೆ. ಒಂದರಲ್ಲಿ ಮರ ಕೊಡುವವರು, ದತ್ತಿ ಇಡುವವರು ಬರೆಯಿರಿ. ಎರಡನೆಯದರಲ್ಲಿ ವರ್ಷದ 52 ಭಾನುವಾರಗಳ ತಾರೀಖಿವೆ, ಪ್ರತಿ ತಾರೀಖಿನ ಮುಂದೆ ಇಬ್ಬರ ಹೆಸರಿಗೆ ಜಾಗವಿದೆ. ದಯವಿಟ್ಟು ಆ ಎರಡನೆಯ ವಹಿಯನ್ನು ಮೊದಲು ತೆರೆಯಿರಿ, ಏಪ್ರಿಲ್, ಮೇ ತಿಂಗಳುಗಳಿಂದ ಶುರುಮಾಡಿ.